ಹಳೇ 800ರ ಹೊಟ್ಟೆಯಲ್ಲಿ ಸವುಳು ನೀರು

ಯುಗಾದಿ ಮುಗಿದ ವಾರ

ಚಳಿಗಾಲದಲ್ಲಿ ಬ್ರೇಕ್ ಕೆಲಸ ಮುಗಿಸಿದ ಮೇಲೆ ಸದ್ಯಕ್ಕೆ ಗಾಡಿಗೆ ಕೈ ಹಚ್ಚುವುದು ಬೇಡ ಅಂದುಕೊಂಡಿದ್ದೆ. ಬಿಸಿಲು ಬಿಡಬೇಕಲ್ಲ! ವಿಜಯಪುರದಲ್ಲಿ ಬಿಸಿಲು ಏರುತ್ತಿದ್ದ ಹಾಗೆ ಗಾಡಿಯ ಟೆಂಪರೇಚರ್ ಮುಳ್ಳೂ ಏರತೊಡಗಿತು. ಗಾಂಧಿ ಚೌಕದ ಗದ್ದಲದಲ್ಲಿ ಸ್ವಲ್ಪ ಹೊತ್ತು ನಿಂತರೆ ಮುಳ್ಳು ಮುಕ್ಕಾಲು ದಾಟುತ್ತದೆ. ಸೋಲಾಪುರ ರಸ್ತೆಗೆ ಬಂದು ಗಾಳಿ ಬಡಿದರೆ ತುಸು ಇಳಿಯುತ್ತದೆ.

ಗಾಡಿ 1998ರ ಮಾರುತಿ 800. ಕಾರ್ಬ್ಯುರೇಟರ್ ಮಾಡೆಲ್, ಕೆಎ-28 ನಂಬರ್. 796 ಸಿಸಿ, ಮೂರು ಸಿಲಿಂಡರ್. ಬಾನೆಟ್ ಎತ್ತಿದರೆ ಎಂಜಿನ್ ಪಕ್ಕದಲ್ಲಿ ನೆಲ ಕಾಣುತ್ತದೆ, ಕೈ ಹೋಗದ ಜಾಗ ಕಡಿಮೆ. ಮನೆಯಲ್ಲೇ ಪಾನಾ ಹಿಡಿಯುವವರಿಗೆ ಇದಕ್ಕಿಂತ ಒಳ್ಳೇ ಗಾಡಿ ಇಲ್ಲ. ಕಂಪನಿ 2014ರಲ್ಲಿ ಈ ಮಾಡೆಲ್ ನಿಲ್ಲಿಸಿದರೂ ಸಾಮಾನು ಇವತ್ತಿಗೂ ಸಿಗುತ್ತವೆ.

ಒಂದು ಗ್ಯಾರೇಜ್‌ನಲ್ಲಿ ತೋರಿಸಿದೆ. ಬಾನೆಟ್ ಎತ್ತಿ ಅರ್ಧ ನಿಮಿಷ ನೋಡಿ, "ಹೆಡ್ ಗ್ಯಾಸ್ಕೆಟ್ ಹೋಗೇದ್ರೀ ಸರ, ಹೆಡ್ ಇಳಸಬೇಕ್ರಿ" ಅಂದರು. ಅವರು ಹೇಳಿದ ಖರ್ಚಿಗೆ ಇನ್ನಷ್ಟು ಸೇರಿಸಿದರೆ ಇನ್ನೊಂದು ಹಳೇ 800 ಬರುತ್ತದೆ. ಸುಮ್ನೆ ತಲೆ ಆಡಿಸಿ ಬಂದೆ.

ಹೆಡ್ ಅಂದರೆ ಎಂಜಿನ್ನಿನ ಮೇಲಿನ ಭಾಗ, ಅದರ ಕೆಳಗೆ ನೀರು, ಆಯಿಲ್ ಬೆರೆಯದಂತೆ ತಡೆಯುವ ಹಾಳೆಯೇ ಗ್ಯಾಸ್ಕೆಟ್. ಅದು ಹೋಗಿದ್ದರೆ ಗುರುತುಗಳಿರುತ್ತವೆ. ಡಿಪ್ ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಎಳೆದರೆ ಆಯಿಲ್ ಮಜ್ಜಿಗೆ ಹಾಗೆ ಬೆಳ್ಳಗಾಗಿರಬೇಕು. ಎಂಜಿನ್ ಬಿಸಿಯಾದ ಮೇಲೂ ಸೈಲೆನ್ಸರ್‌ನಿಂದ ಬಿಳಿ ಹೊಗೆ ಬರುತ್ತಿರಬೇಕು. ತಣ್ಣಗಿದ್ದಾಗ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿದರೆ ಒಂದೇ ಸಮನೆ ಗುಳ್ಳೆ ಏಳಬೇಕು. ನನ್ನ ಗಾಡಿಯಲ್ಲಿ ಮೂರೂ ಇಲ್ಲ. ಹಾಗಾಗಿ ಹೆಡ್ ತಂಟೆಗೆ ಹೋಗದೆ, ಅಗ್ಗದ ಕಡೆಯಿಂದ ಶುರು ಮಾಡುವುದು ಅಂತ ನಿರ್ಧಾರ ಮಾಡಿದೆ.

ಏಪ್ರಿಲ್ ಮೊದಲ ಭಾನುವಾರ

ಮೊದಲು ರೇಡಿಯೇಟರ್ ಮುಚ್ಚಳ. ಇದನ್ನು ಬರೀ ಮುಚ್ಚಳ ಅಂತ ಜನ ಕಡೆಗಣಿಸುತ್ತಾರೆ, ಆದರೆ ಒಳಗೆ ಸ್ಪ್ರಿಂಗ್ ಇದೆ, ರಬ್ಬರ್ ವಾಷರ್ ಇದೆ. ಮೇಲೆ 0.9 ಅಂತ ಬರೆದಿರುತ್ತದೆ, ಅದು ಒತ್ತಡದ ಲೆಕ್ಕ (ಬಾರ್). ಅಷ್ಟು ಒತ್ತಡವನ್ನು ಒಳಗೆ ಹಿಡಿದಿಟ್ಟರೆ ನೀರು 100 ಡಿಗ್ರಿಗೆ ಕುದಿಯದೆ 120ರ ಹತ್ತಿರ ಹೋಗುವವರೆಗೂ ತಡೆಯುತ್ತದೆ. ನನ್ನ ಮುಚ್ಚಳದ ರಬ್ಬರ್ ಕಟ್ಟಿಗೆಯಾಗಿತ್ತು, ಉಗುರು ಒತ್ತಿದರೆ ಗುರುತೂ ಬೀಳಲಿಲ್ಲ. ಹೊಸದು ಹಾಕಿದೆ. (ಎಂಜಿನ್ ಬಿಸಿ ಇದ್ದಾಗ ಈ ಮುಚ್ಚಳ ಮುಟ್ಟಬೇಡಿ. ಬಟ್ಟೆ ಹಿಡಿದು ನಿಧಾನಕ್ಕೆ ತಿರುವುತ್ತೇನೆ ಅನ್ನುವ ಧೈರ್ಯವೂ ಬೇಡ.)

ಫ್ಯಾನಿಗೆ ಬ್ಯಾಟರಿಯಿಂದ ನೇರ ವೈರ್ ಕೊಟ್ಟೆ, ಜೋರಾಗಿ ತಿರುಗಿತು. ಬೆಲ್ಟ್ ಗಟ್ಟಿ ಇದೆ. ರೇಡಿಯೇಟರ್ ಮುಂದಿನ ರೆಕ್ಕೆಗಳಲ್ಲಿ ಮಾತ್ರ ಒಂದು ಹೊಲದಷ್ಟು ಹೊಟ್ಟು ಸಿಕ್ಕಿತು. ನಮ್ಮ ಕಡೆ ರಾಶಿ ಟೈಮಿನಲ್ಲಿ ಕಡಲೆ, ತೊಗರಿ ತಂದು ರಸ್ತೆ ಮೇಲೇ ಹರವುತ್ತಾರಲ್ಲ, ಅದೇ. ಜೊತೆಗೆ ಎರಿ ಮಣ್ಣಿನ ಧೂಳು, ಸತ್ತ ಹುಳ. ಎಂಜಿನ್ ಕಡೆಯಿಂದ ಹೊರಕ್ಕೆ, ಕಡಿಮೆ ಒತ್ತಡದಲ್ಲಿ ನೀರು ಬಿಟ್ಟು ತೊಳೆದೆ. ಮುಂದಿನಿಂದ ಹೊಡೆದರೆ ಕಸ ಇನ್ನೂ ಒಳಗೆ ಹೋಗುತ್ತದೆ. ಜೋರಾಗಿ ಹೊಡೆದರೆ ರೆಕ್ಕೆಗಳು ಮಡಚಿ ಬೀಳುತ್ತವೆ.

ಇಷ್ಟಕ್ಕೇ ಮುಳ್ಳು ಸ್ವಲ್ಪ ಇಳಿಯಿತು. ಆದರೂ ಸಮಾಧಾನ ಇಲ್ಲ.

ಮುಂದಿನ ವಾರ

ಅಸಲಿ ವಿಷಯ ಸಿಕ್ಕಿದ್ದು ಮೇಲಿನ ಹೋಸ್ ಪೈಪ್ ಬಿಚ್ಚಿದಾಗ. ಒಳಗೋಡೆಗೆ ಬೂದು ಬಿಳಿ ಬಣ್ಣದ ಚಕ್ಕೆ ಗಟ್ಟಿಯಾಗಿ ಕೂತಿತ್ತು. ಸ್ಕ್ರೂ ಡ್ರೈವರ್‌ನಿಂದ ಕೆರೆದರೆ ತುಂಡುತುಂಡಾಗಿ ಬಂತು. ಒಂದು ಚೂರನ್ನು ತಟ್ಟೆಯಲ್ಲಿಟ್ಟು ನಿಂಬೆಹಣ್ಣು ಹಿಂಡಿದೆ. ಚೊಯ್ ಅಂತ ನೊರೆ ಎದ್ದಿತು. ಸುಣ್ಣ, ಇನ್ನೇನೂ ಅಲ್ಲ.

ನಮ್ಮ ಬೋರ್ ನೀರಿನ ಕಥೆ ಗೊತ್ತೇ ಇದೆ. ಡೋಣಿ ನದಿಯ ಸೀಮೆ ಜೋಳಕ್ಕೆ ಹೆಸರು, ನೀರು ಮಾತ್ರ ಸವುಳು. ಮನೆಯ ಗೀಸರ್ ಕಾಯಿಲ್ ಮೇಲೆ ಕೂರುವ ಅದೇ ಸುಣ್ಣ ರೇಡಿಯೇಟರ್‌ನ ಸಣ್ಣ ಕೊಳವೆಗಳಲ್ಲೂ ಕೂರುತ್ತದೆ. ಅದರ ಮೂಲಕ ಬಿಸಿ ಸರಿಯಾಗಿ ದಾಟುವುದಿಲ್ಲ. ನೀರು ಹರಿಯುವ ದಾರಿಯೂ ಸಣ್ಣದಾಗುತ್ತದೆ. ಮೊದಲಿನ ಮಾಲೀಕರು ನೀರು ಕಡಿಮೆಯಾದಾಗೆಲ್ಲ ನಳದಿಂದ ಹಿಡಿದು ಸುರಿದಿದ್ದಾರೆ ಅನ್ನೋದು ಸ್ಪಷ್ಟ. ಕೂಲಂಟ್ (ರೇಡಿಯೇಟರ್‌ ನೀರಿಗೆ ಬೆರೆಸುವ ದ್ರವ) ಅನ್ನೋದನ್ನು ಈ ಗಾಡಿ ವರ್ಷಗಟ್ಟಲೆ ಕಂಡಂತಿಲ್ಲ.

ಎಂಜಿನ್ ಕಾಯುವವರೆಗೂ ರೇಡಿಯೇಟರ್ ಕಡೆ ನೀರು ಹೋಗದಂತೆ ತಡೆಯುವ ಥರ್ಮೋಸ್ಟಾಟ್ ವಾಲ್ವ್ ನೋಡೋಣ ಅಂತ ಹೌಸಿಂಗ್ ಬಿಚ್ಚಿದರೆ ಒಳಗೆ ಖಾಲಿ. ಯಾರೋ ತೆಗೆದು ಒಗೆದಿದ್ದಾರೆ. ಪಕ್ಕದ ಮನೆಯ ಕಾಕಾ ನಿವೃತ್ತ ಬಸ್ ಡ್ರೈವರ್. ಕಟ್ಟೆ ಮೇಲೆ ಕೂತು ಎಲ್ಲ ನೋಡುತ್ತಿದ್ದವರು, "ನಮ್ಮ ಬಿಸಲಿಗೆ ಆ ವಾಲ್ವ್ ಯಾತಕ್ ಬೇಕೋ ತಮ್ಮಾ? ಇರಲಾರದ್ದ ಛಲೋ" ಅಂದರು. ಇದು ನಮ್ಮ ಕಡೆ ಬಹಳ ಜನರ ನಂಬಿಕೆ. ನನಗೆ ಒಪ್ಪಿಗೆ ಇಲ್ಲ. ವಾಲ್ವ್ ಇಲ್ಲದಿದ್ದರೆ ಎಂಜಿನ್ ಬೆಳಿಗ್ಗೆ ಬೇಗ ಕಾಯುವುದಿಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಒಳಗಿನ ಸವೆತವೂ ಜಾಸ್ತಿ. ತಂಪಿಗೆ ಅಂತ ವಾಲ್ವ್ ತೆಗೆದರೂ ನನ್ನ ಗಾಡಿ ಕಾಯುತ್ತಲೇ ಇತ್ತಲ್ಲ!

ಹೊಸ ವಾಲ್ವ್ ಮೇಲೆ 82 ಅಂತ ಒತ್ತಿದ್ದಾರೆ, ಅಂದರೆ ಅಷ್ಟು ಡಿಗ್ರಿಗೆ ತೆರೆಯಲು ಶುರು ಮಾಡಬೇಕು. ಹಾಕುವ ಮುಂಚೆ ಪರೀಕ್ಷೆ ಮಾಡಲೇಬೇಕು. ಹಳೇ ಬೋಗುಣಿಯಲ್ಲಿ ನೀರು ಹಾಕಿ, ವಾಲ್ವ್‌ಗೆ ದಾರ ಕಟ್ಟಿ, ತಳಕ್ಕೆ ತಾಗದಂತೆ ಇಳಿಬಿಟ್ಟು ಗ್ಯಾಸ್ ಹಚ್ಚಿದೆ. ಪಕ್ಕದಲ್ಲಿ ಥರ್ಮಾಮೀಟರ್. ಅವ್ವ ಬಂದು ನೋಡಿ, "ಅಡಗಿ ಮನ್ಯಾಗ ಇದೇನ್ ಕುದಸಾಕತ್ತೀಯೋ?" ಅಂದಳು. 80ರವರೆಗೆ ಏನೂ ಇಲ್ಲ. 83ರ ಆಸುಪಾಸು ನಡುವಿನ ಹಿತ್ತಾಳೆ ತಟ್ಟೆ ಕೂದಲೆಳೆಯಷ್ಟು ಕದಲಿತು. ನೀರು ಕುದಿಯುವ ಹೊತ್ತಿಗೆ ಕಿರುಬೆರಳು ತೂರುವಷ್ಟು ತೆರೆದಿತ್ತು. ಹೊರಗೆ ತೆಗೆದು ತಣ್ಣಗಾಗಲು ಬಿಟ್ಟರೆ ಮತ್ತೆ ಮುಚ್ಚಿಕೊಂಡಿತು. ಪಾಸ್.

ಬಸವ ಜಯಂತಿ ರಜೆ

ತೊಳೆಯುವ ದಿನ. ಸುಣ್ಣ ಕರಗಿಸಲು ಕಿರಾಣಿ ಅಂಗಡಿಯ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್), ಲೀಟರ್ ನೀರಿಗೆ ಸುಮಾರು 50 ಗ್ರಾಂ ಲೆಕ್ಕದಲ್ಲಿ. ವಾಲ್ವ್ ಇನ್ನೂ ಹಾಕಿಲ್ಲ, ನೀರು ಎಲ್ಲ ಕಡೆ ತಿರುಗಲಿ ಅಂತ. ಹೀಟರ್ ಲಿವರ್ ಪೂರ್ತಿ ಬಿಸಿಗೆ ಎಳೆದೆ, ಇಲ್ಲದಿದ್ದರೆ ಹೀಟರ್ ಒಳಗಿನ ಸುಣ್ಣ ಹಾಗೇ ಉಳಿಯುತ್ತದೆ. ವಿಜಯಪುರದಲ್ಲಿ ನಡು ಬೇಸಿಗೆಗೆ ಕಾರಿನ ಹೀಟರ್ ಹಚ್ಚಿಕೊಂಡು ಕೂತವನು ನಾನೊಬ್ಬನೇ ಇರಬೇಕು.

ಅರ್ಧ ಗಂಟೆ ಓಡಿಸಿ, ಆರಲು ಬಿಟ್ಟು, ಕೆಳಗಿನ ಪೈಪ್ ಬಿಚ್ಚಿದೆ. ಬಂದ ನೀರು ಕೆಂಪು ಮಣ್ಣಿನ ಬಣ್ಣ, ಜೊತೆಗೆ ಮರಳಿನಂಥ ಗಸಿ. ನೀರು ತಿಳಿಯಾಗುವವರೆಗೂ ತೊಳೆದೆ, ಕೊನೆಗೆ ಬ್ಯಾಟರಿ ನೀರಿನಲ್ಲಿ (ಡಿಸ್ಟಿಲ್ಡ್ ವಾಟರ್, ಆಸಿಡ್ ಅಲ್ಲ) ಒಮ್ಮೆ. ಹೊಸ ಗ್ಯಾಸ್ಕೆಟ್ ಜೊತೆ ವಾಲ್ವ್ ಕೂರಿಸಿದೆ. ಆಮೇಲೆ ಕೂಲಂಟ್ ಅರ್ಧ, ಬ್ಯಾಟರಿ ನೀರು ಅರ್ಧ. ನಮ್ಮಲ್ಲಿ ನೀರು ಹೆಪ್ಪುಗಟ್ಟುವ ಚಳಿ ಇಲ್ಲವಲ್ಲ, ಕೂಲಂಟ್ ಯಾಕೆ ಅಂತ ಕೇಳುವವರಿದ್ದಾರೆ. ತುಕ್ಕು ತಡೆಯಲಿಕ್ಕೆ, ಕುದಿಯುವ ಮಟ್ಟ ಏರಿಸಲಿಕ್ಕೆ.

ಮುಚ್ಚಳ ತೆಗೆದೇ ಸ್ಟಾರ್ಟ್ ಮಾಡಿ ಕಾದೆ. ವಾಲ್ವ್ ತೆರೆದ ಕೂಡಲೇ ಗುಳುಕ್ ಅಂತ ಗಾಳಿ ಹೊರಬಂದು ಮಟ್ಟ ಇಳಿಯಿತು, ಮತ್ತೆ ತುಂಬಿದೆ. ಈ ಗಾಳಿ ಒಳಗೇ ಉಳಿದರೆ ಮಾಡಿದ ಕೆಲಸವೆಲ್ಲ ದಂಡ.

ಉಳಿದ ಕೂಲಂಟ್ ಡಬ್ಬಿ ಮಾಡಿನ ಮೇಲಿಟ್ಟಿದ್ದೇನೆ. ಅದು ರುಚಿಗೆ ಸಿಹಿ, ಆದರೆ ವಿಷ. ಓಣಿಯಲ್ಲಿ ಮಕ್ಕಳಿದ್ದಾರೆ, ನಾಯಿಗಳಿವೆ. ನೆಲಕ್ಕೆ ಚೆಲ್ಲಿದ್ದನ್ನೂ ತೊಳೆದು ಒರೆಸಿದೆ.

ಮೇ ನಡುವೆ

ಹೊರಗೆ 41 ಡಿಗ್ರಿ. ಮಧ್ಯಾಹ್ನವೇ ಬಸವನ ಬಾಗೇವಾಡಿಗೆ ಹೋಗಿ ಬಂದೆ, ಹಿಂದೆ ಮೂರು ಮಂದಿ ಕೂಡಿಸಿಕೊಂಡು. ಮುಳ್ಳು ಅರ್ಧಕ್ಕಿಂತ ಒಂದು ಗೆರೆ ಕೆಳಗೇ ನಿಂತಿತು. ಗಾಂಧಿ ಚೌಕದಲ್ಲಿ ನಿಂತಾಗ ಫ್ಯಾನ್ ಹತ್ತಿತು, ಸ್ವಲ್ಪ ಹೊತ್ತಿಗೆ ತಾನೇ ಆರಿತು. ಹೆಡ್ ಇಳಿಸಲಿಲ್ಲ. ಕಾಕಾ ಮಾತ್ರ ಇನ್ನೂ ವಾಲ್ವ್ ಬಗ್ಗೆ ಗೊಣಗುತ್ತಾರೆ.

ಹೊಸ ತಕರಾರು ಒಂದಿದೆ. ಹೀಟರ್ ಪೈಪಿನ ಜಾಯಿಂಟ್‌ನಲ್ಲಿ ಹನಿ ಜಿನುಗುತ್ತಿದೆ. ಇಷ್ಟು ದಿನ ಅದನ್ನು ಮುಚ್ಚಿಟ್ಟಿದ್ದೇ ಆ ಸುಣ್ಣ ಇರಬೇಕು. ಕ್ಲಿಪ್ ಬಿಗಿ ಮಾಡಿದೆ, ಪೂರ್ತಿ ನಿಂತಿಲ್ಲ. ಪೈಪೇ ಬದಲಿಸಬೇಕು, ಅದಕ್ಕೆ ಡ್ಯಾಶ್‌ಬೋರ್ಡ್ ಕೆಳಗೆ ಅಂಗಾತ ಮಲಗಬೇಕು. ಮಳೆ ಶುರುವಾಗುವ ಮುಂಚೆ ಅದನ್ನು ಮುಗಿಸಿ ವೈಪರ್ ಮೋಟಾರ್‌ಗೆ ಕೈ ಹಾಕುತ್ತೇನೆ.