ಜೆಟ್ ಸ್ಕೀ ನೀರಿನಿಂದ ಮೇಲೆ ಬಂದ ನಂತರದ ಅರ್ಧ ಗಂಟೆ

ಇಡೀ ದಿನ ಸಮುದ್ರದಲ್ಲಿ ಓಡಿಸಿದ ಜೆಟ್ ಸ್ಕೀಯನ್ನು (ಪಂಪಿನಿಂದ ನೀರನ್ನು ಹಿಂದಕ್ಕೆ ಚಿಮ್ಮಿ ನೀರಿನ ಮೇಲೆ ಓಡುವ ಬೈಕಿನಂತಹ ವಾಹನ) ಟ್ರೇಲರ್ ಮೇಲೆ ಏರಿಸಿ, ಮೇಲಿಂದ ಒಂದಿಷ್ಟು ನೀರು ಹಾಯಿಸಿ, ಹೊದಿಕೆ ಬಿಗಿದು ಹೊರಟುಬಿಡುವವರನ್ನು ಆಗಾಗ ಕಾಣುತ್ತೇನೆ. ಹೊರಮೈಯೇನೋ ಫಳಫಳ ಹೊಳೆಯುತ್ತಿರುತ್ತದೆ. ಆದರೆ ಒಳಗಿನ ಕೊಳವೆಗಳಲ್ಲಿ, ಪಂಪಿನ ಸಂದುಗಳಲ್ಲಿ ಉಪ್ಪುನೀರು ಹಾಗೆಯೇ ನಿಂತಿರುತ್ತದೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ನೀರು ಆರಿದರೂ ಆ ಉಪ್ಪು ಎಲ್ಲಿಗೂ ಹೋಗುವುದಿಲ್ಲ, ಗಾಳಿಯ ತೇವವನ್ನು ಹೀರಿಕೊಳ್ಳುತ್ತ ಲೋಹವನ್ನು ಸದಾ ಒದ್ದೆಯಾಗಿಯೇ ಇಡುತ್ತದೆ. ಆದ್ದರಿಂದ ಜೆಟ್ ಸ್ಕೀಯನ್ನು ಒಳಗಿನಿಂದ ಹೊರಗೆ ತೊಳೆಯಬೇಕು, ಅದೂ ಉಪ್ಪು ಒಣಗುವ ಮೊದಲೇ ತೊಳೆಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ವಾಹನ ನೀರಿನಿಂದ ಹೊರಗೆ ಬಂದ ಕೂಡಲೇ ಹಿಂಭಾಗದ ತಳದಲ್ಲಿರುವ ಬಿರಡೆಗಳನ್ನು ಬಿಚ್ಚಿ, ಮೂತಿಯನ್ನು ತುಸು ಮೇಲೆತ್ತಿ ನಿಲ್ಲಿಸಿದರೆ ಒಡಲಿನೊಳಗೆ ಸೇರಿಕೊಂಡ ನೀರು ತಾನಾಗಿ ಹರಿದುಹೋಗುತ್ತದೆ. ನಂತರ ಸೀಟನ್ನು ತೆಗೆದು ಕೆಲವು ನಿಮಿಷ ಗಾಳಿಯಾಡಲು ಬಿಡಬೇಕು. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದ್ದರಿಂದ ಒಡಲಿನ ತಳದಲ್ಲಿ ಮಡುಗಟ್ಟಿಕೊಂಡಿರುವ ಸಾಧ್ಯತೆಯಿದೆ. ತೊಳೆಯುವುದಕ್ಕಾಗಿ ಎಂಜಿನ್ ಚಾಲೂ ಮಾಡುವ ಮುನ್ನ ಅದು ಹೊರಗೆ ಹೋಗಲೇಬೇಕು. ಪೆಟ್ರೋಲಿನ ವಾಸನೆ ಗಾಢವಾಗಿದ್ದರೆ ಅದು ಎಲ್ಲಿಂದ ಬರುತ್ತಿದೆ ಎಂದು ಪತ್ತೆಯಾಗುವವರೆಗೆ ಕೀಲಿಯನ್ನು ಮುಟ್ಟಬಾರದು.

ಇನ್ನು ಎಂಜಿನ್ ತೊಳೆಯುವ ಕ್ರಮ. ಇದರಲ್ಲಿ ಹೆಚ್ಚು ಕೆಲಸವಿಲ್ಲ, ಆದರೆ ಹಿಂದುಮುಂದಾದರೆ ಎಂಜಿನ್ನೇ ಹಾಳಾಗುತ್ತದೆ. ನಲ್ಲಿಯ ಪೈಪನ್ನು ತೊಳೆಯಲೆಂದೇ ಇರುವ ಕಂಡಿಗೆ ಜೋಡಿಸಿ, ಮೊದಲು ಎಂಜಿನ್ ಚಾಲೂ ಮಾಡಬೇಕು, ತಕ್ಷಣವೇ ನಲ್ಲಿ ತಿರುಗಿಸಬೇಕು. ಮುಗಿಸುವಾಗ ಮೊದಲು ನಲ್ಲಿ ನಿಲ್ಲಿಸಬೇಕು, ಬಳಿಕವೇ ಎಂಜಿನ್ ಆರಿಸಬೇಕು. ಕಾರಣ ಸ್ಪಷ್ಟವಾಗಿದೆ. ಪೈಪಿನಿಂದ ಒಳಹೊಕ್ಕ ನೀರು ತಂಪುಗೊಳಿಸುವ ದಾರಿಗಳಲ್ಲಿ ಸುತ್ತಿ ಕೊನೆಗೆ ಹೊಗೆಕೊಳವೆಯನ್ನು ಸೇರುತ್ತದೆ, ಅಲ್ಲಿಂದ ಅದನ್ನು ಹೊರಗೆ ದಬ್ಬುವುದು ಎಂಜಿನ್ನಿನ ಹೊಗೆಯ ಒತ್ತಡವೇ. ಎಂಜಿನ್ ನಿಂತಿರುವಾಗ ನಲ್ಲಿ ತೆರೆದರೆ ಆ ನೀರಿಗೆ ಹೊರದಾರಿ ಸಿಗದೆ, ಹೊಗೆಕೊಳವೆಯಲ್ಲಿ ತುಂಬಿ, ಹಿಮ್ಮುಖವಾಗಿ ಸಿಲಿಂಡರಿನೊಳಗೆ ಇಳಿಯುತ್ತದೆ. ಗಾಳಿಯನ್ನು ಪಿಸ್ಟನ್ ಒತ್ತಬಲ್ಲದು, ನೀರನ್ನು ಒತ್ತಲಾರದು. ಮುಂದಿನ ಸಲ ಸ್ಟಾರ್ಟ್ ಮಾಡಿದಾಗ ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗುವ ಅಪಾಯವಿದೆ.

ಕೆಲವು ಮಾದರಿಗಳಲ್ಲಿ ಎಂಜಿನ್ನಿಗೆ ಕಾರಿನಂತೆ ಪ್ರತ್ಯೇಕ ಕೂಲಂಟ್ (ತಂಪುಗೊಳಿಸುವ ದ್ರವ) ಇರುತ್ತದೆ, ಹಾಗಾಗಿ ಅವುಗಳಿಗೆ ಇಷ್ಟೆಲ್ಲ ಬೇಡವೆಂದು ವಾದಿಸುವವರಿದ್ದಾರೆ. ಆ ವಾದವನ್ನು ನಾನು ಒಪ್ಪುವುದಿಲ್ಲ. ಅಂತಹ ಮಾದರಿಗಳಲ್ಲಿಯೂ ಹೊಗೆಕೊಳವೆಯನ್ನು ತಂಪಾಗಿಸುವುದು ಹೊರಗಿನ ನೀರೇ ಆದ್ದರಿಂದ ಉಪ್ಪು ಅಲ್ಲಿಯೂ ಕೂರುತ್ತದೆ. ತೊಳೆಯುವ ಅವಧಿಯನ್ನು ಮಾತ್ರ ಆಯಾ ವಾಹನದ ಕೈಪಿಡಿ ನೋಡಿಯೇ ನಿರ್ಧರಿಸಬೇಕು. ನೆಲದ ಮೇಲಿರುವಾಗ ಪಂಪಿನ ಶಾಫ್ಟ್ ಸುತ್ತಲಿನ ಸೀಲಿಗೆ ನೀರಿನ ತಂಪು ಸಿಗದ ಮಾದರಿಗಳಿವೆ. ಅವುಗಳಲ್ಲಿ ಹೆಚ್ಚು ಹೊತ್ತು ಓಡಿಸಿದರೆ ಒಳ್ಳೆಯದಾಗುವ ಬದಲು ಸೀಲ್ ಸುಡುತ್ತದೆ. ಹೊಗೆಕೊಳವೆಯಲ್ಲಿ ಉಳಿದ ನೀರನ್ನು ಹೊರಹಾಕಲು ನಲ್ಲಿ ನಿಲ್ಲಿಸಿದ ಮೇಲೆ ಥ್ರಾಟಲನ್ನು ಎರಡು ಮೂರು ಸಲ ಚಿಕ್ಕದಾಗಿ ಒತ್ತಿ ಬಿಡಬೇಕು, ಕೆಲವೇ ಸೆಕೆಂಡುಗಳಲ್ಲಿ ಎಂಜಿನ್ ಆರಿಸಬೇಕು.

ಎಂಜಿನ್ ನಿಂತು, ಸುರಕ್ಷತಾ ಲ್ಯಾನ್ಯಾರ್ಡ್ (ಕಳಚಿದರೆ ಎಂಜಿನ್ ನಿಲ್ಲಿಸುವ, ಸವಾರ ಕಟ್ಟಿಕೊಳ್ಳುವ ದಾರ) ಕೈಗೆ ಬಂದ ಮೇಲೆಯೇ ಪಂಪಿನ ಕಡೆ ಬಗ್ಗಬೇಕು. ತಳದ ಜಾಲರಿಯಲ್ಲಿ ಪಾಚಿ, ಹಗ್ಗದ ಎಳೆ, ಪ್ಲಾಸ್ಟಿಕ್ ಚೂರು ಸಿಕ್ಕಿರುವುದು ಸಾಮಾನ್ಯ. ಅದನ್ನು ಬಿಡಿಸಿ, ಟಾರ್ಚ್ ಹಿಡಿದು ಇಂಪೆಲ್ಲರಿನ (ಪಂಪಿನೊಳಗೆ ತಿರುಗಿ ನೀರನ್ನು ತಳ್ಳುವ ಚಕ್ರ) ಅಲಗುಗಳನ್ನು ಒಂದೊಂದಾಗಿ ನೋಡುವುದು ನನಗೆ ಬಹಳ ಇಷ್ಟದ ಕೆಲಸ. ಅಲಗಿನ ಮುಂಚೂಣಿಯ ಮೇಲೆ ಬೆರಳನ್ನು ಮೆಲ್ಲಗೆ ಸವರಿದರೆ, ಕಣ್ಣಿಗೆ ಕಾಣದ ಸಣ್ಣ ಮೊಂಡು, ಕಲ್ಲು ತಾಗಿ ಎದ್ದ ಮುಳ್ಳು ಬೆರಳಿಗೆ ತಿಳಿಯುತ್ತದೆ. ಅಲಗಿನ ತುದಿಗೂ ಸುತ್ತಲಿನ ಉಂಗುರಕ್ಕೂ ನಡುವೆ ಇರುವ ಅಂತರ ಒಂದು ಮಿಲಿಮೀಟರಿಗೂ ಕಡಿಮೆ. ಮರಳು, ಬೆಣಚುಕಲ್ಲು ಉಂಗುರವನ್ನು ಸವೆಸಿ ಆ ಅಂತರ ಹೆಚ್ಚಿದಷ್ಟೂ ತಳ್ಳಿದ ನೀರು ಬಂದ ಕಡೆಗೇ ಸೋರುತ್ತದೆ, ಎಂಜಿನ್ ಅಬ್ಬರಿಸಿದರೂ ವಾಹನಕ್ಕೆ ಎಳೆತ ಬರುವುದಿಲ್ಲ. ಉಂಗುರದ ಒಳಗೋಡೆಯಲ್ಲಿ ಆಳವಾದ ಗೀರುಗಳು ಕಂಡರೆ ಅದನ್ನು ಬದಲಿಸುವ ಕಾಲ ಬಂದಿದೆಯೆಂದೇ ಅರ್ಥ. ಪಂಪಿನ ಬಳಿ ಸತುವಿನ ತುಣುಕು ಇರುವ ಮಾದರಿಗಳಲ್ಲಿ ಅದನ್ನೂ ಗಮನಿಸಬೇಕು. ಅಲ್ಯೂಮಿನಿಯಂ ಭಾಗಗಳ ಬದಲಿಗೆ ತಾನು ಕರಗುವುದೇ ಅದರ ಕೆಲಸ, ಆದ್ದರಿಂದ ಅರ್ಧದಷ್ಟು ಸವೆದಿದ್ದರೆ ಹೊಸದನ್ನು ಹಾಕಬೇಕು.

ಹೊರಮೈಗೆ ಸಿಹಿನೀರು, ಮೃದುವಾದ ಸಾಬೂನು, ಸ್ಪಂಜು ಸಾಕು. ಎಂಜಿನ್ ಕೋಣೆಯೊಳಗೂ ತೆಳುವಾಗಿ ನೀರು ಚಿಮುಕಿಸಬಹುದು, ಆದರೆ ಪ್ರೆಶರ್ ವಾಷರನ್ನು ಅಲ್ಲಿಗೆ ತರಲೇಬಾರದು. ಆ ರಭಸಕ್ಕೆ ವೈರುಗಳ ಕನೆಕ್ಟರಿನೊಳಗೆ ನುಗ್ಗಿದ ನೀರು ಬೇಗ ಹೊರಬರುವುದಿಲ್ಲ. ಬಟ್ಟೆಯಿಂದ ಒರೆಸಿ, ಬೋಲ್ಟುಗಳ ಮೇಲೂ ಲೋಹದ ಕೀಲುಗಳ ಮೇಲೂ ತುಕ್ಕುನಿರೋಧಕ ಸ್ಪ್ರೇ ಹೊಡೆಯಬೇಕು. ಅದೇ ಹೊತ್ತಿಗೆ ಆಯಿಲ್ ಕಡ್ಡಿಯನ್ನೂ ಹೊರತೆಗೆದು ನೋಡುವುದು ಉತ್ತಮ. ಆಯಿಲ್ ಹಾಲು ಬೆರೆಸಿದಂತೆ ಬಿಳುಚಿಕೊಂಡಿದ್ದರೆ ನೀರು ಸೇರಿದೆಯೆಂದು ತಿಳಿದು, ಎಂಜಿನ್ ಮತ್ತೆ ಚಾಲೂ ಮಾಡದೆ ಅಂದೇ ಮೆಕ್ಯಾನಿಕ್‌ಗೆ ತೋರಿಸಬೇಕು. ಟ್ರೇಲರಿನ ಚಕ್ರಗಳೂ ಉಪ್ಪುನೀರಿನಲ್ಲಿ ಮುಳುಗಿ ಎದ್ದಿರುವುದರಿಂದ ಅವುಗಳಿಗೂ ಸಿಹಿನೀರು ಬೇಕು.

ಕೆರೆ, ಸರೋವರಗಳಲ್ಲಿ ಓಡಿಸುವವರಿಗೆ ಉಪ್ಪಿನ ಚಿಂತೆಯಿಲ್ಲವಾದರೂ ಇನ್ನೊಂದು ಹೊಣೆಯಿದೆ. ಜಾಲರಿಗೆ ಅಂಟಿದ ಒಂದು ಗಿಡದ ತುಂಡು, ಒಡಲಿನಲ್ಲಿ ಉಳಿದ ಒಂದು ಬೊಗಸೆ ನೀರು ಒಂದು ಸರೋವರದ ಕಳೆಯನ್ನೂ ಚಿಪ್ಪುಜೀವಿಗಳನ್ನೂ ಇನ್ನೊಂದಕ್ಕೆ ಸಾಗಿಸಬಲ್ಲವು. ಉತ್ತರ ಅಮೆರಿಕದ ಮಹಾ ಸರೋವರಗಳಲ್ಲಿ 1980ರ ದಶಕದಲ್ಲಿ ಕಾಣಿಸಿಕೊಂಡ ಜೀಬ್ರಾ ಮಸಲ್ ಎಂಬ ಪುಟ್ಟ ಚಿಪ್ಪುಜೀವಿ ಅಲ್ಲಿಂದ ಒಳನಾಡಿನ ಎಷ್ಟೋ ಸರೋವರಗಳಿಗೆ ಹರಡಿದ್ದು ಹೀಗೆ ಸಾಗಿಸಿದ ದೋಣಿಗಳಿಗೆ ಅಂಟಿಕೊಂಡೇ. ಬೇರೊಂದು ಸರೋವರಕ್ಕೆ ಇಳಿಸುವ ಮುನ್ನ ವಾಹನವನ್ನು ಶುಚಿಗೊಳಿಸಿ, ನೀರನ್ನು ಪೂರ್ತಿ ಬಸಿದು, ಚೆನ್ನಾಗಿ ಒಣಗಿಸಲೇಬೇಕು.

ಹೊದಿಕೆ ಹಾಕುವ ಆತುರ ಬೇಡ. ಒದ್ದೆ ವಾಹನದ ಮೇಲೆ ಬಿಗಿದ ಹೊದಿಕೆ ತೇವವನ್ನು ಒಳಗೇ ಕೂಡಿಹಾಕಿ ಸೀಟಿನ ಹೊಲಿಗೆಗಳಿಗೆ ಬೂಷ್ಟು ಹಿಡಿಸುತ್ತದೆ. ಸೀಟನ್ನು ಬೇರೆಯಾಗಿಯೇ ಇಟ್ಟು, ಲೈಫ್ ಜಾಕೆಟ್‌ಗಳನ್ನು ತೊಳೆದು ನೆರಳಿನಲ್ಲಿ ನೇತುಹಾಕಿ, ಎಲ್ಲವೂ ಒಣಗಿದ ಮೇಲೆ ಹೊದಿಸಿದರಾಯಿತು. ಬಿರಡೆಗಳನ್ನು ಮಾತ್ರ ಕೀಲಿಯ ಜೊತೆಯಲ್ಲಿಯೇ ಇಡಿ; ಅವನ್ನು ಹಾಕದೆ ವಾಹನವನ್ನು ನೀರಿಗಿಳಿಸುವ ಪ್ರಮೇಯ ಆಗ ಬರುವುದಿಲ್ಲ.