ಚಳಿಗೆ ಬಿತ್ತಿದ ಕಾಳು

ಅಕ್ಟೋಬರ್ ಕೊನೆಯ ಭಾನುವಾರ ಇಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಅವತ್ತಿನಿಂದ ಸಂಜೆ ಐದಕ್ಕೆಲ್ಲ ಕತ್ತಲು. ಡಿಸೆಂಬರಿನಲ್ಲಂತೂ ನಾಲ್ಕಕ್ಕೇ ದೀಪ ಹಾಕಬೇಕು. ಊರಿನಿಂದ ಅವ್ವ ಫೋನಿನಲ್ಲಿ ಕೇಳುತ್ತಾಳೆ: "ಅಷ್ಟು ಚಳೀಲಿ ತೋಟದಲ್ಲಿ ಏನ್ ಮಾಡ್ತೀಯ ಮಗಾ? ಮನೇಲಿ ಬೆಚ್ಚಗೆ ಇರಬಾರದಾ?"

ನಾನಿರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ತೋಟ ಎಂದರೆ ಮನೆ ಹಿತ್ತಲಲ್ಲ, ಅಲಾಟ್‌ಮೆಂಟ್. ತರಕಾರಿ ಬೆಳೆದುಕೊಳ್ಳಲೆಂದು ಊರಿನ ಕೌನ್ಸಿಲ್ ವರ್ಷದ ಬಾಡಿಗೆಗೆ ಕೊಡುವ ತುಂಡು ಜಮೀನು. ಬೇಡಿಕೆ ಇದ್ದ ಕಡೆ ಇಂಥ ಜಾಗ ಕೊಡಬೇಕು ಅಂತ 1908ರಲ್ಲೇ ಕಾಯ್ದೆ ಬಂದಿದೆ. ಪೂರ್ತಿ ಪ್ಲಾಟ್ ಸುಮಾರು 250 ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಎರಡೂವರೆ ಗುಂಟೆ. ನನಗೆ ಮೂರು ವರ್ಷ ಕಾದ ಮೇಲೆ ಅರ್ಧ ಪ್ಲಾಟ್ ಸಿಕ್ಕಿತು. ಒಂದೂಕಾಲು ಗುಂಟೆ! ಮಂಡ್ಯದ ಕಡೆ ಇಷ್ಟು ಜಾಗವನ್ನು ಯಾರೂ ಹೊಲ ಅನ್ನುವುದಿಲ್ಲ. ಆದರೆ ಬೀಗದ ಕೈ ಸಿಕ್ಕ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಮೊದಲು ಹಾಕಿದ್ದು ಅವರೆ. ಊರಿನಿಂದ ತಂದ ಬೀಜ. ಮೇ ಕೊನೆಯಲ್ಲಿ ನೆಟ್ಟೆ. ಬಳ್ಳಿ ಹಬ್ಬಿತು, ಎಲೆ ದಟ್ಟವಾಯಿತು, ಹೂ ಮಾತ್ರ ಬಿಡಲಿಲ್ಲ. ನಮ್ಮ ನಾಟಿ ಅವರೆಗೆ ಹಗಲು ಚಿಕ್ಕದಾದರೇ ಹೂ. ಇಲ್ಲಿ ಜೂನಿನಲ್ಲಿ ರಾತ್ರಿ ಒಂಬತ್ತಕ್ಕೂ ಬಿಸಿಲಿರುತ್ತದೆ. ಹಗಲು ಕುಗ್ಗುವಷ್ಟರಲ್ಲಿ ಚಳಿ ಬಂದುಬಿಡುತ್ತದೆ. ಅಕ್ಟೋಬರಿನ ಒಂದು ರಾತ್ರಿ ಹಿಮ ಕೂತಿತು. ಬೆಳಿಗ್ಗೆ ಹೋಗಿ ನೋಡಿದರೆ ಬಳ್ಳಿಯೆಲ್ಲ ಬೇಯಿಸಿದ ಸೊಪ್ಪಿನ ಹಾಗೆ ಕಪ್ಪಾಗಿ ಜೋತುಬಿದ್ದಿತ್ತು. ತುಂಬಾ ಬೇಜಾರಾಯಿತು.

ಆವತ್ತು ಪಕ್ಕದ ಪ್ಲಾಟಿನ ಅಜ್ಜ ಬಂದು ನೋಡಿ, ಬ್ರಾಡ್ ಬೀನ್ಸ್ ಹಾಕು, ಈಗಲೇ ಹಾಕು ಅಂದರು. ಅವರೆಯ ಹಾಗೆ ಕಾಯಿ ಸುಲಿದು ಕಾಳು ತಿನ್ನುವ ಬೆಳೆ ಅದು. ಚಳಿ ಶುರುವಾಗುವಾಗ ಬಿತ್ತನೆಯಾ ಅಂತ ನನಗೆ ಆಶ್ಚರ್ಯ. ಅಲ್ಲಿಯವರೆಗೆ ಚಳಿಗಾಲದಲ್ಲಿ ಗೇಟಿಗೆ ಬೀಗ ಹಾಕಿಕೊಂಡು ಹೋಗುವುದು ಅಂತಲೇ ಅಂದುಕೊಂಡಿದ್ದೆ. ನಮ್ಮ ಸೈಟಿನಲ್ಲಿ ಪೈಪ್ ಒಡೆಯಬಾರದು ಅಂತ ನಲ್ಲಿ ನೀರನ್ನೂ ನಿಲ್ಲಿಸಿಬಿಡುತ್ತಾರೆ. ಆದರೆ ಮುಂದಿನ ವರ್ಷದ ಬೆಳೆ ನಿಲ್ಲುವುದೇ ಈ ನಾಲ್ಕು ತಿಂಗಳ ಕೆಲಸದ ಮೇಲೆ.

ಬೆಳ್ಳುಳ್ಳಿಯನ್ನೇ ನೋಡಿ. ಮೊದಲ ವರ್ಷ ಏಪ್ರಿಲ್‌ನಲ್ಲಿ ನೆಟ್ಟಿದ್ದೆ. ಕಿತ್ತಾಗ ಎಸಳೇ ಇಲ್ಲ, ಈರುಳ್ಳಿ ಹಾಗೆ ಒಂದೇ ಗುಂಡು. ಕೆಲವು ವಾರ ಚಳಿ ತಿಂದರೆ ಮಾತ್ರ ಬೆಳ್ಳುಳ್ಳಿ ಎಸಳಾಗಿ ಒಡೆಯುತ್ತದೆ. ಈಗ ಅಕ್ಟೋಬರ್ ಮುಗಿಯುವುದರೊಳಗೆ ನೆಡುತ್ತೇನೆ. ದಪ್ಪ ಎಸಳನ್ನೇ ಆರಿಸಿ, ಬುಡ ಕೆಳಗೆ ಮೊನೆ ಮೇಲೆ ಮಾಡಿ, ಹೆಬ್ಬೆರಳಲ್ಲಿ ಒತ್ತಿ ಮಣ್ಣು ಮುಚ್ಚಬೇಕು. ಮಾರನೇ ದಿನ ಪಕ್ಷಿಗಳು ಒಂದಷ್ಟನ್ನು ಎಳೆದು ಹಾಕಿರುತ್ತವೆ. ಮತ್ತೆ ಒತ್ತಬೇಕು.

ನವೆಂಬರ್ ಪೂರ್ತಿ ತರಗೆಲೆಯ ಕೆಲಸ. ಗುಡಿಸಿ, ಗೋಣಿಚೀಲಕ್ಕೆ ತುಂಬಿ, ಒದ್ದೆ ಮಾಡಿ ಮೂಲೆಯಲ್ಲಿ ಇಟ್ಟುಬಿಡುವುದು. ಒಂದೆರಡು ವರ್ಷದಲ್ಲಿ ಕಪ್ಪಗೆ, ಪುಡಿಪುಡಿಯಾದ ಎಲೆಗೊಬ್ಬರ. ಖಾಲಿ ಪಾತಿಗೆ ಕಳಿತ ಕುದುರೆ ಲದ್ದಿ ಹರಡುತ್ತೇನೆ. ಅಗೆಯುವುದಿಲ್ಲ. ಎರೆಹುಳುಗಳೇ ಕೆಳಕ್ಕೆ ಎಳೆದುಕೊಳ್ಳುತ್ತವೆ. ನಮ್ಮದು ಜೇಡಿಮಣ್ಣು, ಒದ್ದೆಯಿದ್ದಾಗ ತುಳಿದರೆ ಇಟ್ಟಿಗೆಯಾಗುತ್ತದೆ, ಅದಕ್ಕೆ ಹಲಗೆ ಹಾಕಿಕೊಂಡೇ ನಡೆಯಬೇಕು. ಐದನೇ ನವೆಂಬರಿಗೆ ಇಲ್ಲಿ ಬೆಂಕಿ ಹಾಕುವ ಹಬ್ಬ, ನಮ್ಮ ದೀಪಾವಳಿಯ ಆಸುಪಾಸಿನಲ್ಲೇ ಬರುತ್ತದೆ. ಕಸದ ರಾಶಿಗೆ ಕಡ್ಡಿ ಗೀರುವ ಮೊದಲು ಅದನ್ನು ಬೇರೆ ಕಡೆಗೆ ಎತ್ತಿ ಹಾಕಿ ನೋಡಲೇಬೇಕು. ಹೆಡ್ಜ್‌ಹಾಗ್ ಅನ್ನುವ ಪುಟ್ಟ ಮುಳ್ಳಿನ ಪ್ರಾಣಿ ಚಳಿಗೆ ಅದರೊಳಗೆ ಮಲಗಿರುತ್ತದೆ. ಈ ಒಂದು ಕೆಲಸವನ್ನು ಯಾರೂ ತಪ್ಪಿಸಬಾರದು.

ಇನ್ನು ಬ್ರಾಡ್ ಬೀನ್ಸ್. ನವೆಂಬರ್ ಮೊದಲ ವಾರ, ಎರಡಿಂಚು ಆಳಕ್ಕೆ, ಗೇಣಿಗೊಂದು ಕಾಳು. ಚಳಿ ತಡೆಯುವ ಅಕ್ವಾಡುಲ್ಚೆ ಕ್ಲಾಡಿಯಾ ತಳಿ. ಡಿಸೆಂಬರಿಗೆ ಬೆರಳುದ್ದದ ಗಿಡ. ಹಿಮ ಬಿದ್ದ ಬೆಳಿಗ್ಗೆ ಮೊದಲ ಸಲ ನೋಡಿದಾಗ ಎದೆ ಧಸಕ್ ಎಂದಿತು. ಸಾಲಿಗೆ ಸಾಲೇ ನೆಲಕ್ಕೆ ಮಲಗಿತ್ತು. ಎಲೆಯ ಅಂಚಿನಲ್ಲೆಲ್ಲ ಉಪ್ಪು ಉದುರಿಸಿದ ಹಾಗೆ ಬಿಳಿ. ಮುಟ್ಟಿದರೆ ಗಾಜಿನ ಹಾಗೆ ಗಟ್ಟಿ. ಅವರೆ ಹೋದಂತೆ ಇದೂ ಹೋಯಿತು ಅಂದುಕೊಂಡೆ. ಮುಟ್ಟಬೇಡ, ಸುಮ್ನೆ ಬಿಡು ಅಂದರು ಅಜ್ಜ. ಹತ್ತೂವರೆಗೆ ಬಿಸಿಲು ತಾಗಿತು. ಬಿಳಿ ಕರಗಿ ನೀರಾಯಿತು. ಕಾಂಡ ಮೊದಲು ಬಾಗಿದಂತಾಗಿ, ನಿಧಾನಕ್ಕೆ ಒಂದೊಂದೇ ಎದ್ದಿತು. ಮಧ್ಯಾಹ್ನದ ಹೊತ್ತಿಗೆ ಏನೂ ಆಗಿಲ್ಲವೆಂಬಂತೆ ನಿಂತಿದ್ದವು.

ಜೂನ್ ಶುರುವಿಗೆ ಕಾಯಿ ಬಂತು. ಸುಲಿದು, ಕಾಳನ್ನು ಬಿಸಿನೀರಿಗೆ ಎರಡು ನಿಮಿಷ ಹಾಕಿ ತೆಗೆದೆ. ಉಗುರಿನಿಂದ ಒಂದು ಕಡೆ ಗೀರಿ ಎರಡು ಬೆರಳಲ್ಲಿ ಹಿಸುಕಿದರೆ ಹಸಿರು ಬೇಳೆ ಪುಳಕ್ಕನೆ ಜಾರಿ ಬಟ್ಟಲಿಗೆ ಬಿತ್ತು. ಹಿತಕವರೆಗೆ ಮಾಡುವ ಅದೇ ಕೈಕೆಲಸ! ಹಿತಕಿದ ಬೇಳೆ ಸಾರನ್ನೇ ಮಾಡಿದೆವು. ಅವರೆಯ ಸೊಗಡು ಇದಕ್ಕಿಲ್ಲ, ಅದು ಬೇರೇನೇ. ಆದರೆ ಆ ಬೇಳೆ ಬಾಯಲ್ಲಿ ಕರಗುವ ರೀತಿ ಇದೆಯಲ್ಲ, ಅದು ನಮ್ಮದೇ. ಮಗಳು ಮುದ್ದೆಗೆ ಎರಡು ಸಲ ಹಾಕಿಸಿಕೊಂಡಳು.

ಮೊನ್ನೆ ಜನವರಿಯಲ್ಲಿ, ಇಲ್ಲಿ ಮಧ್ಯಾಹ್ನ ಹನ್ನೆರಡು, ಊರಿನಲ್ಲಿ ಸಂಜೆ ಐದೂವರೆ. ಅವ್ವ ವಿಡಿಯೋ ಕಾಲ್ ಮಾಡಿದಳು. ಜಗುಲಿ ಮೇಲೆ ಅವರೆಕಾಯಿ ರಾಶಿ, ಸುತ್ತ ಕೂತು ಸುಲಿಯುತ್ತಿದ್ದರು. ನಾನು ಫೋನನ್ನು ಪಾತಿಯ ಕಡೆ ತಿರುಗಿಸಿದೆ. ಬೆಳಿಗ್ಗೆ ಮಲಗಿದ್ದ ಗಿಡಗಳು ಆಗ ತಾನೇ ತಲೆ ಎತ್ತುತ್ತಿದ್ದವು. ಅವ್ವ ಸುಲಿಯುವುದನ್ನು ನಿಲ್ಲಿಸಿ ನೋಡಿದಳು. "ಇಷ್ಟೇ ಇಷ್ಟು ಗಿಡ, ಆ ಚಳೀಲಿ ಹೆಂಗೆ ನಿಂತವೆ ನೋಡು" ಅಂತ ಪಕ್ಕದಲ್ಲಿ ಕೂತಿದ್ದ ಅತ್ತೆಗೂ ತೋರಿಸಿದಳು.