ನಾನು ಮಲಗಿಬಿಟ್ಟಿದ್ದೀನಿ ಅಂತ ನನಗೆ ಹೇಗೆ ಗೊತ್ತಾಗುತ್ತೆ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಬೈಬಲ್ ಸ್ಟಡಿ ಮುಗಿಸಿ ಎಲ್ಲರೂ ಹೊರಡೋವಾಗ, ಕೆಲವು ಸಲ ರಾತ್ರಿ ಹನ್ನೊಂದು ಗಂಟೆಗೆ ವಾಟ್ಸಾಪ್‌ನಲ್ಲಿ, ಈ ಒಂದು ಪ್ರಶ್ನೆ ನನಗೆ ಎಷ್ಟು ಸಲ ಬಂದಿದೆ ಅಂದ್ರೆ ಲೆಕ್ಕ ಇಟ್ಟಿಲ್ಲ. "ಬ್ರದರ್, ಎಚ್ಚರವಾಗಿರಿ ಎಚ್ಚರವಾಗಿರಿ ಅಂತ ಎಲ್ಲಾ ಪ್ರಸಂಗದಲ್ಲೂ ಹೇಳ್ತಾರೆ. ನಾನು ಪ್ರಾರ್ಥನೆ ಮಾಡ್ತೀನಿ, ಸಭೆಗೆ ಹೋಗ್ತೀನಿ, ಹೇಳಿಕೊಳ್ಳೋವಂಥ ಪಾಪ ಏನೂ ಮಾಡ್ತಿಲ್ಲ. ಆದ್ರೂ ನಾನು ಆತ್ಮಿಕವಾಗಿ ನಿದ್ದೆ ಹೋಗಿರಬಹುದಾ? ಹೋಗಿದ್ರೆ ನನಗೆ ಹೇಗೆ ಗೊತ್ತಾಗುತ್ತೆ?" ಹೀಗೆ ಕೇಳೋರಲ್ಲಿ ಹೊಸ ವಿಶ್ವಾಸಿಗಳು ಕಮ್ಮಿ, ಹತ್ತು ಹದಿನೈದು ವರ್ಷದಿಂದ ಕರ್ತನನ್ನ ಹಿಂಬಾಲಿಸ್ತಿರೋರೇ ಜಾಸ್ತಿ. ಒಬ್ಬೊಬ್ಬರಿಗೆ ತುಂಡು ತುಂಡಾಗಿ ಹೇಳಿದ್ದನ್ನೆಲ್ಲ ಸೇರಿಸಿ ಒಂದೇ ಕಡೆ ಬರೀತಿದ್ದೀನಿ.

ಮೊದಲು ಒಂದು ಮಾತು, ಪ್ರಶ್ನೆ ಸರಿಯಾಗೇ ಇದೆ. ನಿದ್ದೆಯಲ್ಲಿರೋನಿಗೆ ತಾನು ನಿದ್ದೆಯಲ್ಲಿದ್ದೀನಿ ಅಂತ ತಿಳಿಯಲ್ಲ, ಎದ್ದ ಮೇಲೇನೇ ತಿಳಿಯೋದು. ಕೂದಲು ಕತ್ತರಿಸದೆ ಇರೋವರೆಗೆ ದೇವರು ಕೊಟ್ಟ ಬಲ ಇದ್ದ ಬೈಬಲ್‌ನ ವೀರ ಸಂಸೋನನ ವಿಷಯದಲ್ಲಿ ನನಗೆ ತುಂಬಾ ಭಯ ಹುಟ್ಟಿಸೋ ವಾಕ್ಯ ಅವನ ಕಣ್ಣು ಕಿತ್ತಿದ್ದಲ್ಲ, ಅದಕ್ಕಿಂತ ಮುಂಚಿನದು. ಕೂದಲು ಹೋದ ಮೇಲೂ "ಮೊದಲಿನ ಹಾಗೇ ಕೊಡವಿಕೊಂಡು ಎದ್ದು ಹೋಗ್ತೀನಿ" ಅಂದ್ಕೊಂಡ, ಕರ್ತನು ತನ್ನನ್ನ ಬಿಟ್ಟು ಹೋಗಿದ್ದು ಅವನಿಗೆ ಗೊತ್ತೇ ಇರಲಿಲ್ಲ, ನ್ಯಾಯಸ್ಥಾಪಕರು 16ನೇ ಅಧ್ಯಾಯದಲ್ಲಿದೆ. ಗೊತ್ತೇ ಇರಲಿಲ್ಲ ಅನ್ನೋ ಆ ಮಾತು ಓದಿದಾಗಲೆಲ್ಲ ನಾನು ಅಲ್ಲೇ ನಿಂತುಬಿಡ್ತೀನಿ.

ನಾವು ಎಲ್ಲಿ ತಪ್ತೀವಿ ಅಂದ್ರೆ, ಎಚ್ಚರ ಅಂದ ತಕ್ಷಣ ಗೋಡೆ ಹತ್ತಿ ಬರೋ ಶತ್ರುವನ್ನ ಕಾಯೋದು ಅಂದ್ಕೋತೀವಿ. ಕುಡಿತ ಇಲ್ಲ, ಸುಳ್ಳು ಲೆಕ್ಕ ಇಲ್ಲ, ಬೇರೆ ಸಂಬಂಧ ಇಲ್ಲ, ಹಾಗಾದ್ರೆ ಗೋಡೆ ಗಟ್ಟಿಯಾಗಿದೆ, ನಾನು ಸೇಫ್. ಈ ಲೆಕ್ಕ ತಪ್ಪು ಅಂತ ನನಗೆ ಕಲಿಸಿದ್ದು ನೆಹೆಮೀಯನ ಪುಸ್ತಕ, ಅದೂ ಯಾರೂ ಅಷ್ಟಾಗಿ ಪ್ರಸಂಗ ಮಾಡದ ಕೊನೇ ಅಧ್ಯಾಯ.

ಕಥೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ತೀನಿ. ಪರ್ಷಿಯಾದ ಅರ್ತಷಸ್ತ ರಾಜನ ಆಳ್ವಿಕೆಯ 20ನೇ ವರ್ಷದಲ್ಲಿ, ಅಂದ್ರೆ ಕ್ರಿ.ಪೂ. 445ರಲ್ಲಿ, ಆ ರಾಜನ ಅರಮನೆಯಲ್ಲಿ ಸೇವೆಯಲ್ಲಿದ್ದ ಯೆಹೂದ್ಯ ನೆಹೆಮೀಯ ಯೆರೂಸಲೇಮಿಗೆ ಬಂದು ಬಿದ್ದುಹೋಗಿದ್ದ ಗೋಡೆ ಕಟ್ಟಿಸ್ತಾನೆ. ಅಮ್ಮೋನಿಯನಾದ ಟೋಬೀಯ ಅನ್ನೋನು ಪಕ್ಕದಲ್ಲಿ ನಿಂತು, ಇವರು ಕಟ್ಟೋ ಗೋಡೆ ಮೇಲೆ ಒಂದು ನರಿ ಹತ್ತಿದ್ರೂ ಬಿದ್ದುಹೋಗುತ್ತೆ ಅಂತ ಹಂಗಿಸ್ತಾನೆ, ಆಮೇಲೆ ಹೆದರಿಸೋ ಪತ್ರಗಳನ್ನೂ ಕಳಿಸ್ತಾನೆ. ಆ ದಿನಗಳಲ್ಲಿ ಅವರ ಎಚ್ಚರ ನೋಡ್ಬೇಕು, ದೇವರಿಗೆ ಪ್ರಾರ್ಥನೆ ಮಾಡಿದ್ವಿ, ಹಗಲು ರಾತ್ರಿ ಕಾವಲೂ ಇಟ್ವಿ ಅಂತ 4ನೇ ಅಧ್ಯಾಯದಲ್ಲಿದೆ, ಒಂದು ಕೈಯಲ್ಲಿ ಕೆಲಸ ಇನ್ನೊಂದು ಕೈಯಲ್ಲಿ ಆಯುಧ, ಮೈಮೇಲಿನ ಬಟ್ಟೆ ಸಹ ಬಿಚ್ಚದೆ ಇದ್ರು. 52 ದಿನದಲ್ಲಿ ಗೋಡೆ ಮುಗೀತು. ಪ್ರತಿಷ್ಠೆಯ ದಿನ ಅವರ ಸಂತೋಷದ ಧ್ವನಿ ದೂರದವರೆಗೂ ಕೇಳಿಸ್ತಂತೆ. "ನಮ್ಮ ದೇವರ ಆಲಯವನ್ನ ಅಲಕ್ಷ್ಯ ಮಾಡಲ್ಲ" ಅಂತ ಸಹಿ ಹಾಕಿ ಪ್ರತಿಜ್ಞೆನೂ ಮಾಡಿದ್ರು.

ಹನ್ನೆರಡು ವರ್ಷ ಆದ ಮೇಲೆ ನೆಹೆಮೀಯ ರಾಜನ ಹತ್ರ ವಾಪಸ್ ಹೋಗ್ತಾನೆ, ಸ್ವಲ್ಪ ಕಾಲ ಬಿಟ್ಟು ತಿರುಗಿ ಬಂದು ನೋಡ್ತಾನೆ. ಗೋಡೆ ಹಾಗೇ ಇದೆ, ಬಾಗಿಲುಗಳೂ ಹಾಗೇ ಇವೆ, ಒಂದು ಕಲ್ಲೂ ಬಿದ್ದಿಲ್ಲ. ಆದ್ರೆ ಟೋಬೀಯ ಒಳಗಿದ್ದಾನೆ, ಊರೊಳಗಲ್ಲ, ದೇವಾಲಯದೊಳಗೆ! ಯಾಜಕನಾದ ಎಲ್ಯಾಷೀಬನೇ ಅವನಿಗೆ ಒಂದು ದೊಡ್ಡ ಕೋಣೆ ಕೊಟ್ಟಿದ್ದಾನೆ. ಗೋಡೆ ಒಡೆದು ಬರಕ್ಕಾಗದವನು ಬಾಗಿಲಲ್ಲೇ ಬಂದ, ಕೋಣೆ ಕೊಟ್ಟು ಕರೆಸಿಕೊಂಡ್ರು.

ನಿಜವಾದ ಉತ್ತರ ಇರೋದು ಮುಂದಿನ ವಾಕ್ಯಗಳಲ್ಲಿ. ಅದು ಯಾವ ಕೋಣೆ? ಮೊದಲು ಧಾನ್ಯದ ಕಾಣಿಕೆ, ಧೂಪ, ಪಾತ್ರೆಗಳು, ದೇವಾಲಯದ ಸೇವೆ ಮಾಡೋ ಲೇವಿಯರಿಗೆ ಸಲ್ಲಬೇಕಾದ ದಶಮಾಂಶ, ಅಂದ್ರೆ ಬೆಳೆಯ ಹತ್ತನೇ ಒಂದು ಭಾಗ, ಇಡ್ತಿದ್ದ ಕೋಣೆ. ಲೇವಿಯರಿಗೆ ಭಾಗ ಕೊಡೋದೇ ನಿಂತು ಅವರು ತಮ್ಮ ತಮ್ಮ ಹೊಲಕ್ಕೆ ಹೊರಟುಹೋಗಿದ್ರು ಅಂತ ಅದರ ಕೆಳಗೇ ಬರುತ್ತೆ. ಇವೆರಡನ್ನೂ ಒಟ್ಟಿಗೆ ಓದಿದಾಗ ನನಗೆ ಅನ್ಸೋದು ಇಷ್ಟು, ಕೋಣೆ ತುಂಬಿದ್ದಿದ್ರೆ ಟೋಬೀಯನಿಗೆ ಕೊಡೋಕೆ ಜಾಗಾನೇ ಇರ್ತಿರಲಿಲ್ಲ. ಮೊದಲು ಕೋಣೆ ಖಾಲಿ ಆಗಿರಬೇಕು, ಯಾರೂ ಗಲಾಟೆ ಮಾಡದೆ, ಒಂದು ವಾರ ಕಾಣಿಕೆ ಬರಲಿಲ್ಲ, ಇನ್ನೊಂದು ವಾರನೂ ಬರಲಿಲ್ಲ, ಯಾರೂ ಕೇಳಲಿಲ್ಲ. ನಮ್ಮ ಆತ್ಮಿಕ ನಿದ್ದೆನೂ ಶುರುವಾಗೋದು ಹೀಗೇ.

ಇದನ್ನ ನಾನು ಬರೀ ಓದಿ ಹೇಳ್ತಿಲ್ಲ. ಕೆಲವು ವರ್ಷದ ಹಿಂದೆ ಸ್ಟಡಿ ನಡೆಸ್ತಿದ್ದ ದಿನಗಳಲ್ಲಿ, ಹೊಸದಾಗಿ ನಂಬಿಕೆಗೆ ಬಂದಿದ್ದ ಒಬ್ಬ ಹುಡುಗ ಏನೂ ಕಪಟ ಇಲ್ಲದೆ ಕೇಳಿದ, "ಅಣ್ಣ, ಈ ವಾರ ದೇವರು ನಿಮ್ಮ ಹತ್ರ ಏನು ಮಾತಾಡಿದ್ರು?" ನಾನು ತಡವರಿಸದೆ ಒಂದು ಸಾಕ್ಷಿ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ನಿದ್ದು, "ಇದು ಹೋದ ವರ್ಷನೂ ಹೇಳಿದ್ರಲ್ಲ ಅಣ್ಣ" ಅಂದ. ಮನೆಗೆ ಬಂದು ನನ್ನ ಪ್ರಾರ್ಥನೆಯ ನೋಟ್‌ಬುಕ್ ತೆಗೆದು ನೋಡಿದ್ರೆ ನನಗೋಸ್ಕರ ಬರೆದಿದ್ದ ಕೊನೇ ಪುಟಕ್ಕೆ ಹದಿನಾಲ್ಕು ತಿಂಗಳಾಗಿತ್ತು, ಅಲ್ಲಿಂದ ಮುಂದೆ ಎಲ್ಲಾ ಬೇರೆಯವರಿಗೆ ಹೇಳಕ್ಕೆ ಮಾಡಿಕೊಂಡ ನೋಟ್ಸ್, ಪಾಯಿಂಟ್ಸ್, ರೆಫರೆನ್ಸ್. ಹದಿನಾಲ್ಕು ತಿಂಗಳಲ್ಲಿ ನಾನು ಒಂದು ಭಾನುವಾರನೂ ತಪ್ಪಿಸಿರಲಿಲ್ಲ.

ಮತ್ತೆ ನನ್ನೊಳಗಿನ ಆ ಕೋಣೆ ಖಾಲಿ ಇತ್ತಾ ಅಂದ್ರೆ ಅದೂ ಇಲ್ಲ. ಜೊತೆಯಲ್ಲಿ ಸೇವೆ ಮಾಡ್ತಿದ್ದ ಒಬ್ಬರ ಮೇಲೆ ನನಗೊಂದು ಹಳೇ ಸಿಟ್ಟಿತ್ತು, ಅದು ಅಲ್ಲಿ ಮನೆ ಮಾಡಿತ್ತು. ಬೆಳಿಗ್ಗೆ ಪ್ರಾರ್ಥನೆಗೆ ಅಂತ ಮೊಣಕಾಲೂರಿದ್ರೆ ಐದು ನಿಮಿಷಕ್ಕೇ ಅವರಿಗೆ ಏನು ಉತ್ತರ ಕೊಡ್ಬೇಕಿತ್ತು ಅನ್ನೋದೇ ಮನಸ್ಸಲ್ಲಿ ಓಡೋದು, ಅದರಲ್ಲಿ ಒಂಥರಾ ಸುಖನೂ ಸಿಗ್ತಿತ್ತು, ಆ ಹೊತ್ತನ್ನ ನಾನು ಪ್ರಾರ್ಥನೆ ಅಂತಾನೇ ಲೆಕ್ಕ ಹಾಕ್ತಿದ್ದೆ.

ಹಾಗಾಗಿ ಹೇಗೆ ಗೊತ್ತಾಗುತ್ತೆ ಅನ್ನೋರಿಗೆ ನಾನು ಹೇಳೋದು, ಏನು ಪಾಪ ಮಾಡ್ದೆ ಅಂತ ಮಾತ್ರ ಕೇಳ್ಕೋಬೇಡಿ, ಮೊದಲು ಇದ್ದು ಈಗ ಇಲ್ಲದಿರೋದು ಯಾವುದು ಅಂತ ಕೇಳ್ಕೊಳ್ಳಿ. ನಿಮ್ಮ ಸಾಕ್ಷಿಯಲ್ಲಿ ಹೊಸದು ಯಾವುದು? ಕೊನೇ ಸಲ ಒಂದು ವಾಕ್ಯ ನಿಮ್ಮನ್ನ ಚುಚ್ಚಿದ್ದು ಯಾವಾಗ? ಬೇರೆಯವರಿಗೆ ಫಾರ್ವರ್ಡ್ ಮಾಡಿದ್ದಲ್ಲ, ನಿಮ್ಮನ್ನೇ ಚುಚ್ಚಿದ್ದು. ಕ್ಷಮೆ ಕೇಳಿ ಎಷ್ಟು ದಿನ ಆಯ್ತು, ದೇವರ ಹತ್ರ ಆಗ್ಲಿ ಮನೆಯವರ ಹತ್ರ ಆಗ್ಲಿ? ದಾವೀದ ರಾಜ ಪಾಪಕ್ಕೆ ಬಿದ್ದ ಕಥೆಯಲ್ಲೂ ಮೊದಲು ಕಾಣೋದು ಇನ್ನೊಬ್ಬನ ಹೆಂಡತಿಯಾದ ಬತ್ಷೆಬೆ ಅಲ್ಲ, ಅರಸರು ಯುದ್ಧಕ್ಕೆ ಹೊರಡೋ ಕಾಲದಲ್ಲಿ ಸೇನಾಪತಿ ಯೋವಾಬನನ್ನ ಕಳಿಸಿ ತಾನು ಯೆರೂಸಲೇಮಿನಲ್ಲೇ ಉಳಿದುಕೊಂಡ ಅನ್ನೋ ಒಂದು ಸಣ್ಣ ಮಾತು. ಇರಬೇಕಾದ ಜಾಗದಲ್ಲಿ ಅವನು ಇರಲಿಲ್ಲ, ಉಳಿದದ್ದೆಲ್ಲ ಆಮೇಲೆ ಬಂತು.

ಇನ್ನೊಂದು, ನಾವು ಕಾವಲು ಇಡೋದು ನಮ್ಮ ವೀಕ್ ಜಾಗಗಳಿಗೆ. ಗಟ್ಟಿ ಅಂದ್ಕೊಂಡ ಜಾಗವನ್ನ ಬಿಟ್ಟೇ ಬಿಡ್ತೀವಿ. ಬೈಬಲ್‌ನ ಕೊನೇ ಪುಸ್ತಕ ಪ್ರಕಟನೆಯ 3ನೇ ಅಧ್ಯಾಯದಲ್ಲಿ ಸಾರ್ದಿಸ್ ಊರಿನ ಸಭೆಗೆ ಯೇಸು, ಜೀವಿಸ್ತಿದ್ದೀ ಅಂತ ಹೆಸರಿದೆ ಆದ್ರೆ ಸತ್ತಿದ್ದೀ, ಎಚ್ಚರಗೊಳ್ಳು, ಇಲ್ದಿದ್ರೆ ಕಳ್ಳನ ಹಾಗೆ ಬರ್ತೀನಿ ಅಂತಾನೆ. ಈ ಸಾರ್ದಿಸ್ ಈಗಿನ ಟರ್ಕಿಯಲ್ಲಿದೆ, ಅದರ ಕೋಟೆ ಕಡಿದಾದ ಬೆಟ್ಟದ ಮೇಲಿತ್ತು. ಕ್ರಿ.ಪೂ. 6ನೇ ಶತಮಾನದಲ್ಲಿ ಪರ್ಷಿಯಾದ ರಾಜ ಕೋರೆಷ (ಸೈರಸ್) ಮುತ್ತಿಗೆ ಹಾಕಿದಾಗ, ಕೆಳಗೆ ಬಿದ್ದ ಶಿರಸ್ತ್ರಾಣ ತಗೊಳ್ಳೋಕೆ ಕೋಟೆಯ ಸೈನಿಕನೊಬ್ಬ ಬಂಡೆ ಇಳಿದು ಹತ್ತಿದ್ದನ್ನ ಶತ್ರುವಿನ ಸೈನಿಕ ನೋಡಿಬಿಟ್ಟ, ಮಾರನೇ ದಿನ ಅದೇ ದಾರಿಯಲ್ಲಿ ಹತ್ತಿದ್ರು ಅಂತ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬರೀತಾನೆ. ಇಲ್ಲಿಂದ ಯಾರೂ ಹತ್ತಕ್ಕಾಗಲ್ಲ ಅಂತ ಅಲ್ಲಿ ಕಾವಲೇ ಇಟ್ಟಿರಲಿಲ್ಲ. ಸುಮಾರು ಮುನ್ನೂರು ವರ್ಷ ಆದ ಮೇಲೆ ಗ್ರೀಕ್ ರಾಜ ಮೂರನೇ ಅಂತಿಯೋಕ ಮುತ್ತಿಗೆ ಹಾಕಿದಾಗ ಮತ್ತೆ ಅದೇ ಥರ ಆಯ್ತು, ಗೋಡೆಯ ಒಂದು ಭಾಗದಲ್ಲಿ ಹಕ್ಕಿಗಳು ಆರಾಮಾಗಿ ಕೂತಿದ್ದನ್ನ ನೋಡಿ ಅಲ್ಲಿ ಕಾವಲಿಲ್ಲ ಅಂತ ಕಂಡುಹಿಡಿದ್ರಂತೆ. ಎರಡು ಸಲ ಹೀಗೆ ಸೋತ ಊರಿನವರಿಗೆ "ಎಚ್ಚರಗೊಳ್ಳು" ಅನ್ನೋ ಮಾತು ಹೇಗೆ ಕೇಳಿಸಿರಬೇಕು ಯೋಚನೆ ಮಾಡಿ. ವಾಕ್ಯ ಗೊತ್ತಿರೋದು ನನಗೆ ಗಟ್ಟಿ ಜಾಗ ಅಂದ್ಕೊಂಡಿದ್ದೆ, ನನ್ನ ಗೋಡೆ ಮೇಲೆ ಹಕ್ಕಿ ಕೂತಿದ್ದು ಅಲ್ಲೇ.

"ಹಾಗಾದ್ರೆ ಜೀವನ ಪೂರ್ತಿ ಭಯದಲ್ಲೇ ಇರ್ಬೇಕಾ ಬ್ರದರ್?" ಅಂತ ಇದಾದ ಮೇಲೆ ಗ್ಯಾರಂಟಿ ಕೇಳ್ತಾರೆ, ಮುಖ್ಯವಾಗಿ ಮನಸ್ಸು ಮೃದು ಇರೋರು. ದಯವಿಟ್ಟು ಹಾಗೆ ತಗೋಬೇಡಿ. ಶಿಲುಬೆಗೆ ಹಾಕೋ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸು ತನ್ನ ಮೂವರು ಶಿಷ್ಯರಿಗೆ ಬರೀ ಎಚ್ಚರವಾಗಿರಿ ಅನ್ನಲಿಲ್ಲ, "ನನ್ನ ಸಂಗಡ ಎಚ್ಚರವಾಗಿರಿ" ಅಂದ. ಕಳ್ಳನ ಭಯಕ್ಕೆ ಎದ್ದಿರೋದೂ ಎಚ್ಚರಾನೇ, ಕಾಯಿಲೆ ಬಿದ್ದ ಮಗುವಿನ ಹಾಸಿಗೆ ಪಕ್ಕ ಅಮ್ಮ ಎದ್ದಿರೋದೂ ಎಚ್ಚರಾನೇ, ಆದ್ರೆ ಎರಡೂ ಒಂದೇನಾ? ಅವತ್ತು ಯೇಸು ಕೇಳಿದ್ದು ಜೊತೆ. ದೀಪ ಹಿಡ್ಕೊಂಡು ಮದುಮಗನಿಗೆ ಕಾಯ್ತಿದ್ದ ಹತ್ತು ಕನ್ಯೆಯರ ಬಗ್ಗೆ ಯೇಸು ಹೇಳಿದ ಸಾಮ್ಯದಲ್ಲೂ ನೋಡಿ, ಹತ್ತು ಜನರೂ ತೂಕಡಿಸಿ ಮಲಗಿದ್ರು, ಬುದ್ಧಿವಂತೆಯರು ಐದು ಜನ ಸಹ. ವ್ಯತ್ಯಾಸ ಇದ್ದಿದ್ದು ದೀಪಕ್ಕೆ ತಂದಿಟ್ಟುಕೊಂಡ ಎಣ್ಣೆಯಲ್ಲಿ. ಸುಸ್ತಾಗೋದನ್ನ ದೇವರು ಪಾಪ ಅಂತ ಬರ್ಕೊಳ್ಳಲ್ಲ, ನನಗೆ ಇದರಲ್ಲಿ ತುಂಬಾ ಸಮಾಧಾನ ಇದೆ.

ಪ್ರಾಕ್ಟಿಕಲ್ಲಾಗಿ ಏನು ಮಾಡೋದು ಅಂದ್ರೆ, ಬೆಳಿಗ್ಗೆ ಎಷ್ಟೊತ್ತಿಗೆ ಏಳ್ಬೇಕು, ಎಷ್ಟು ಅಧ್ಯಾಯ ಓದ್ಬೇಕು ಅಂತೆಲ್ಲ ನಾನು ಹೇಳಲ್ಲ, ಅದು ಒಬ್ಬೊಬ್ಬರಿಗೆ ಒಂದೊಂದು ಥರ. ಒಂದನ್ನ ಮಾತ್ರ ಒತ್ತಿ ಹೇಳ್ತೀನಿ, ನಿಮ್ಮ ಕೋಣೆಗೆ ಬಂದು ನೋಡೋ ಹಕ್ಕು ಒಬ್ಬರಿಗಾದ್ರೂ ಕೊಡಿ. ಖಾಲಿ ಕೋಣೆಯನ್ನ ಯೆರೂಸಲೇಮಿನವರು ದಿನಾ ನೋಡ್ತಿದ್ರು, ಅವರಿಗೆ ಅಭ್ಯಾಸ ಆಗಿಹೋಗಿತ್ತು, ಹೊರಗಿಂದ ತಿರುಗಿ ಬಂದವನ ಕಣ್ಣಿಗೇ ಅದು ಬಿದ್ದಿದ್ದು. ಪಾಪದ ಮೋಸದಿಂದ ಯಾರೂ ಕಠಿಣರಾಗದ ಹಾಗೆ "ಈ ಹೊತ್ತು" ಅನ್ನೋ ಸಮಯ ಇರೋವರೆಗೆ ಪ್ರತಿದಿನ ಒಬ್ಬರನ್ನೊಬ್ಬರು ಎಚ್ಚರಿಸಿ ಅಂತ ಇಬ್ರಿಯ 3ರಲ್ಲಿರೋದೂ ಇದನ್ನೇ, ಮೋಸ ಅಂದ್ಮೇಲೆ ಮೋಸ ಹೋದವನಿಗೆ ಹೇಗೆ ಕಾಣುತ್ತೆ? ಮೆಥೊಡಿಸ್ಟ್ ಚಳವಳಿ ಶುರು ಮಾಡಿದ ಇಂಗ್ಲೆಂಡಿನ ಪ್ರಸಂಗಿ ಜಾನ್ ವೆಸ್ಲಿ 1738ರಲ್ಲಿ ಸಣ್ಣ ಗುಂಪುಗಳಿಗೆ ಬರೆದ ನಿಯಮದಲ್ಲಿ ಪ್ರತಿ ಸಲ ಸೇರಿದಾಗ ಕೇಳ್ಬೇಕಾದ ಮೊದಲನೇ ಪ್ರಶ್ನೆನೇ, ಹೋದ ಸಲ ಸೇರಿದ ಮೇಲೆ ನಿನಗೆ ಗೊತ್ತಿದ್ದು ಯಾವ ಪಾಪ ಮಾಡಿದ್ದೀ ಅನ್ನೋದು. ಅಷ್ಟು ನೇರವಾಗಿ ಕೇಳಿಸಿಕೊಳ್ಳೋಕೆ ಎಲ್ಲರಿಗೂ ಆಗಲ್ಲ, ನನಗೂ ಮೊದಲು ಆಗ್ತಿರಲಿಲ್ಲ. ಈಗ ಆ ಹುಡುಗನಿಗೇ ಹೇಳಿದ್ದೀನಿ, ನೀನು ಅವತ್ತು ಕೇಳಿದ್ದನ್ನ ಪ್ರತಿ ವಾರ ಕೇಳು ಅಂತ. ಕೇಳ್ತಾನೆ, ಒಂದು ವಾರನೂ ಬಿಡಲ್ಲ.

ಕೊನೇದಾಗಿ, ತುಂಬಾ ಸಣ್ಣ ಧ್ವನಿಯಲ್ಲಿ ಕೇಳೋ ಒಂದು ಪ್ರಶ್ನೆ ಇದೆ, ವರ್ಷಗಟ್ಟಲೆ ಮಲಗಿಬಿಟ್ಟಿದ್ರೆ ಏನು ಗತಿ ಅಂತ. ನೆಹೆಮೀಯ ಟೋಬೀಯನ ಸಾಮಾನೆಲ್ಲ ಹೊರಗೆ ಬಿಸಾಕಿಸಿದ, ಆದ್ರೆ ಆ ಕೋಣೆಯನ್ನ ಕೆಡವಲಿಲ್ಲ, ಶುದ್ಧಿ ಮಾಡಿಸಿ ಪಾತ್ರೆಗಳನ್ನ, ಕಾಣಿಕೆಯನ್ನ, ಧೂಪವನ್ನ ತಿರುಗಿ ಅದೇ ಕೋಣೆಯಲ್ಲಿ ಇಡಿಸಿದ. ಗೆತ್ಸೆಮನೆಯಲ್ಲಿ ಯೇಸು ಮೂರು ಸಲ ಬಂದು ನೋಡಿದಾಗಲೂ ಶಿಷ್ಯರು ಮಲಗೇ ಇದ್ರು, ಆದ್ರೂ ಅವರನ್ನ ಬಿಟ್ಟು ಬೇರೆ ಮೂವರನ್ನ ಹುಡುಕಲಿಲ್ಲ, ಅವರಿಗೇ "ಏಳಿರಿ, ಹೋಗೋಣ" ಅಂದ. ಅವತ್ತು ಮಲಗಿದ್ದ ಪೇತ್ರನೇ ಮುಂದೆ ತನ್ನ ಪತ್ರದಲ್ಲಿ ಎಚ್ಚರವಾಗಿರಿ, ನಿಮ್ಮ ವಿರೋಧಿ ಗರ್ಜಿಸೋ ಸಿಂಹದ ಹಾಗೆ ತಿರುಗ್ತಿದ್ದಾನೆ ಅಂತ ಬರೆದಿದ್ದು.

ನನ್ನ ವಿಷಯಕ್ಕೆ ಬಂದ್ರೆ, ಆ ಹಳೇ ಸಿಟ್ಟಿದ್ದ ಸಹೋದರರಿಗೆ ಫೋನ್ ಮಾಡಿ ಮಾತಾಡೋಕೆ ನನಗೆ ಇನ್ನೂ ಮೂರು ವಾರ ಹಿಡೀತು. ಆದ್ರೆ ಆವತ್ತು ರಾತ್ರಿನೇ ಆ ಹದಿನಾಲ್ಕು ತಿಂಗಳ ಪುಟಗಳೆಲ್ಲ ಮುಗಿದ ಮೇಲೆ ತಾರೀಖು ಹಾಕಿ, "ಕರ್ತನೇ, ನಾನು ಮಲಗಿಬಿಟ್ಟಿದ್ದೆ" ಅಂತ ಒಂದು ಸಾಲು ಬರೆದೆ. ಮಾರನೇ ದಿನ ಎರಡು ಸಾಲು.